ಒಂದೇ ಹೊತ್ತು, ಒಂದೇ ಕಣ್ಣು

ಹಲವು ಛಾಯಾಚಿತ್ರಗಳಿಂದ ಬೇಕಾದ ತುಣುಕುಗಳನ್ನು ಕತ್ತರಿಸಿ, ಒಂದರ ಪಕ್ಕಕ್ಕೆ ಇನ್ನೊಂದನ್ನು ಹೊಂದಿಸಿ, ಬೆಸುಗೆ ಕಾಣದಂತೆ ಮೇಲಿನಿಂದ ಕುಂಚವಾಡಿಸಿ, ಎಲ್ಲಿಯೂ ಇಲ್ಲದ ಒಂದು ನೋಟವನ್ನು ಕಂಪ್ಯೂಟರಿನ ಪರದೆಯ ಮೇಲೆ ಕಟ್ಟುವ ವಿಧಾನವನ್ನು ಆ ಕಸುಬಿನವರು ಫೋಟೊಬ್ಯಾಶಿಂಗ್ ಎಂದು ಕರೆಯುತ್ತಾರೆ. ಸಿನಿಮಾ, ವಿಡಿಯೊ ಗೇಮ್ ಮತ್ತು ಜಾಹೀರಾತಿನ ಲೋಕದಲ್ಲಿ ಇದರ ಬಳಕೆ ಹೆಚ್ಚಾಗಿ ಕಾನ್ಸೆಪ್ಟ್ ಸ್ಕೆಚ್ಚಿಗೆ. ಅಂದರೆ ಇನ್ನೂ ಹುಟ್ಟದ ಒಂದು ಊರು, ಕೋಟೆ ಅಥವಾ ಯಂತ್ರ ಹೇಗಿರಬಹುದು ಎಂಬುದನ್ನು ನಿರ್ದೇಶಕನೂ ಸೆಟ್ ಕಟ್ಟುವವರೂ ಒಂದೇ ರೀತಿಯಲ್ಲಿ ಕಲ್ಪಿಸಿಕೊಳ್ಳಲೆಂದು ತರಾತುರಿಯಲ್ಲಿ ತಯಾರಿಸುವ ಕರಡು ಚಿತ್ರಕ್ಕೆ. ಗೋಡೆಗೆ ತೂಗುಹಾಕಲೆಂದು ಯಾರೂ ಅದನ್ನು ಬರೆಯುವುದಿಲ್ಲ. ಒಪ್ಪಿಗೆ ಸಿಕ್ಕರೆ ಅದರ ಕೆಲಸ ಮುಗಿಯುತ್ತದೆ, ಸಿಗದಿದ್ದರೆ ಅರ್ಧ ಗಂಟೆಯಲ್ಲಿ ಇನ್ನೊಂದು ತಯಾರಾಗುತ್ತದೆ. ಬೆಸುಗೆ ಗುಟ್ಟಾಗಿಯೇ ಉಳಿಯಬೇಕೆಂದೇನೂ ಇಲ್ಲವಾದರೂ, ನೋಡುವವರ ಕಣ್ಣು ಅಲ್ಲಿ ಎಡವಿತೆಂದರೆ ಊರಿನ ಬಗ್ಗೆ ನಡೆಯಬೇಕಾದ ಚರ್ಚೆ ಬೆಸುಗೆಯ ಬಗ್ಗೆ ನಡೆದು ಮುಗಿಯುತ್ತದೆ.

ಈ ಬರಹದ ಲೇಖಕ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಕಸುಬಿನ ಅನ್ನ ಉಂಡವನು. ಆ ವರ್ಷಗಳನ್ನು ಹಿಂದಿರುಗಿ ನೋಡಿದಾಗ ಕಲಿತದ್ದು ಬಹಳವೆಂದು ತೋರಿದರೂ ಎಲ್ಲವೂ ಕೊನೆಗೆ ಒಂದು ಮಾತಿಗೆ ಬಂದು ನಿಲ್ಲುತ್ತದೆ: ಪ್ರತಿಯೊಂದು ಛಾಯಾಚಿತ್ರವೂ ತಾನು ಸೆರೆಯಾದ ಹೊತ್ತನ್ನೂ ತನ್ನನ್ನು ಸೆರೆಹಿಡಿದ ಕಣ್ಣಿನ ಎತ್ತರವನ್ನೂ ಮೈಯಲ್ಲಿಟ್ಟುಕೊಂಡೇ ಬರುತ್ತದೆ, ಹತ್ತು ಚಿತ್ರಗಳ ಹತ್ತು ಹೊತ್ತುಗಳನ್ನು ಅಳಿಸಿ, ಅವುಗಳನ್ನೆಲ್ಲ ಒಂದೇ ಹೊತ್ತಿಗೆ, ಒಂದೇ ಕಣ್ಣಿಗೆ ಒಗ್ಗಿಸುವುದೇ ಈ ಕೆಲಸದ ಬಹುಪಾಲು. ಹಾಗೆ ಅಳಿಸುತ್ತಾ ಹೋದದ್ದರಲ್ಲಿ ಕಳೆದುಕೊಂಡದ್ದೇನು ಎಂಬ ಲೆಕ್ಕ ಮಾತ್ರ ಬಹಳ ತಡವಾಗಿ ಎದುರಿಗೆ ಬಂತು.

ತೊಂಬತ್ತರ ದಶಕದ ಮೈಸೂರಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದವರ ನಡುವೆ ಛಾಯಾಚಿತ್ರ ನೋಡಿ ಬರೆಯುವುದು ಅಡ್ಡದಾರಿಯೆಂಬ ನಂಬಿಕೆ ಗಟ್ಟಿಯಾಗಿತ್ತು. ಎದುರಿಗೆ ಕುಳಿತ ಮನುಷ್ಯನನ್ನು, ಕಣ್ಣೆದುರಿನ ಮರವನ್ನು ನೋಡಿ ಬರೆದದ್ದು ಮಾತ್ರ ಅಭ್ಯಾಸವೆನ್ನಿಸಿಕೊಳ್ಳುತ್ತಿತ್ತು; ಫೋಟೊ ಇಟ್ಟುಕೊಂಡು ಬರೆದದ್ದು ನಕಲು. ಆದರೆ ಈ ಲೇಖಕ ತರಗತಿ ಮುಗಿದ ಮೇಲೆ ಕೈಖರ್ಚಿಗಾಗಿ ಹೋಗುತ್ತಿದ್ದ ಸಿನಿಮಾ ಬ್ಯಾನರ್ ಬರೆಯುವ ಶೆಡ್ಡಿನಲ್ಲಿ ಫೋಟೊ ಇಲ್ಲದೆ ದಿನವೇ ಆರಂಭವಾಗುತ್ತಿರಲಿಲ್ಲ. ಚಿತ್ರೀಕರಣದ ಜಾಗದಲ್ಲಿ ತೆಗೆದ, ಸ್ಟಿಲ್ ಎಂದು ಕರೆಯುವ ಫೋಟೊಗಳನ್ನು ವಿತರಕರ ಕಡೆಯವರು ಕವರಿನಲ್ಲಿ ಹಾಕಿ ಕಳಿಸುತ್ತಿದ್ದರು. ಆ ಫೋಟೊದ ಮೇಲೆ ಪೆನ್ಸಿಲ್ಲಿನಿಂದ ಅಂಗುಲಕ್ಕೊಂದು ಗೆರೆಯಂತೆ ಚೌಕಗಳನ್ನು ಎಳೆದು, ಬಿಳಿಯ ಬಳಿದ ಬಟ್ಟೆಯ ಮೇಲೆ ಬಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಹಿಡಿದು ಮೀಟಿ ಅಡಿಗೊಂದರಂತೆ ಅಷ್ಟೇ ಚೌಕಗಳನ್ನು ಮೂಡಿಸಿ, ಒಂದೊಂದು ಚೌಕದಲ್ಲಿರುವುದನ್ನು ಅದರದೇ ಚೌಕಕ್ಕೆ ದೊಡ್ಡದಾಗಿ ಇಳಿಸುತ್ತಿದ್ದರು. ನಾಯಕನ ಮುಖ ಒಂದು ಸ್ಟಿಲ್ಲಿನದು, ಮೈಕಟ್ಟು ಇನ್ನೊಂದರದು, ಅವನು ಏರಿದ ಕುದುರೆ ಯಾವುದೋ ಕ್ಯಾಲೆಂಡರಿನದು, ಹಿಂದಿನ ಬೆಂಕಿ ಮಾತ್ರ ಮೇಷ್ಟ್ರ ಸ್ವಂತದ್ದು. ಇಂದು ಪರದೆಯ ಮೇಲೆ ನಡೆಯುವ ಕೆಲಸಕ್ಕೂ ಅದಕ್ಕೂ ಇರುವ ವ್ಯತ್ಯಾಸ ಉಪಕರಣದ್ದು ಮಾತ್ರ.

ಶೆಡ್ಡಿನ ಹಿರಿಯ ಕಲಾವಿದರನ್ನು ಎಲ್ಲರೂ ಮೇಷ್ಟ್ರೆಂದೇ ಕರೆಯುತ್ತಿದ್ದರು. ಹೊಸಬನೊಬ್ಬ ಮೂರು ಸ್ಟಿಲ್ಲುಗಳನ್ನು ಸೇರಿಸಿ ಮೊದಲ ಸಲ ಗೆರೆ ಎಳೆದು ತೋರಿಸಿದಾಗ ಅವರು ಮೂರನ್ನೂ ನೆಲದ ಮೇಲೆ ಸಾಲಾಗಿ ಇಟ್ಟು, "ಮೂರು ಫೋಟೊದಲ್ಲಿ ಮೂರು ಸೂರ್ಯ ಇದ್ದಾನೆ ಕಣಯ್ಯಾ, ಬ್ಯಾನರಿನಲ್ಲಿ ಒಬ್ಬನೇ ಇರಬೇಕು. ಯಾವನನ್ನ ಇಟ್ಕೋತೀಯ, ಮೊದಲು ಅದನ್ನ ಹೇಳು" ಎಂದು ಕೇಳಿದ್ದರು. ಗುಂಪಿನ ದೃಶ್ಯವಿದ್ದಾಗ ಅವರು ಕೊಡುತ್ತಿದ್ದ ಇನ್ನೊಂದು ಸೂಚನೆಯೆಂದರೆ, ನಿಂತ ಜನರ ತಲೆಗಳೆಲ್ಲ ಒಂದೇ ಹಗ್ಗಕ್ಕೆ ಒಣಹಾಕಿದ ಬಟ್ಟೆಗಳಂತೆ ಇರಬೇಕು, ದೂರದವರ ಕಾಲು ಮಾತ್ರ ಮೇಲೆ ಸರಿಯಬೇಕು. ಸಮತಟ್ಟಾದ ನೆಲದಲ್ಲಿ ನಿಂತ ಮನುಷ್ಯನ ಕಣ್ಣಿನ ಎತ್ತರದಿಂದ ನೋಡಿದರೆ ಹೆಚ್ಚುಕಡಿಮೆ ಅಷ್ಟೇ ಎತ್ತರದವರ ತಲೆಗಳು, ಹತ್ತಿರವಿರಲಿ ದೂರವಿರಲಿ, ಕ್ಷಿತಿಜದ ಗೆರೆಯ ಮೇಲೆಯೇ ಬೀಳುತ್ತವೆ ಎಂಬುದು ಪರಿಪ್ರೇಕ್ಷ್ಯದ, ಅಂದರೆ ದೂರ ಹೋದಂತೆ ವಸ್ತುಗಳು ಕಿರಿದಾಗಿ ಕಾಣುವ ನಿಯಮದ, ಮೂಲಪಾಠ. ಕಾಲೇಜಿನಲ್ಲಿ ಅದನ್ನು ಅಳತೆಪಟ್ಟಿ ಹಿಡಿದು ಕಲಿಸಿದ್ದರು. ಅದು ತಲೆಗೆ ಹತ್ತಿದ್ದು ಬಟ್ಟೆಯ ಹಗ್ಗದಿಂದ.

ಫೋಟೊ ಬಳಸುವುದು ಕಳ್ಳತನವೆಂಬ ಅಳುಕು ಸಡಿಲವಾದದ್ದು ಅದೇ ಊರಿನ ಅರಮನೆಯಲ್ಲಿ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಸುತ್ತಲಿನ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ದೊಡ್ಡ ಚಿತ್ರಗಳಿವೆ, ವೈ. ಸುಬ್ರಹ್ಮಣ್ಯರಾಜು, ಕೆ. ಕೇಶವಯ್ಯ ಮೊದಲಾದ ಕಲಾವಿದರು 1934 ಮತ್ತು 1945ರ ನಡುವೆ ಬರೆದ ಇವುಗಳ ವಿವರಗಳಿಗೆ ಮೆರವಣಿಗೆಯ ನಿಜವಾದ ಛಾಯಾಚಿತ್ರಗಳೇ ಆಧಾರ. ಪ್ರವಾಸಿಗಳ ಸಾಲಿನೊಡನೆ ಹತ್ತಾರು ಸಲ ಅವುಗಳ ಮುಂದೆ ಹಾದುಹೋಗಿದ್ದ ವಿದ್ಯಾರ್ಥಿಗೆ ಈ ಸಂಗತಿ ಗೊತ್ತಾದ ಮೇಲೆ ಅವು ಬೇರೆಯಾಗಿ ಕಾಣತೊಡಗಿದವು. ಚಲಿಸುತ್ತಾ ಸಾಗುವ ಮೆರವಣಿಗೆಯನ್ನು ಯಾವ ಕಲಾವಿದನೂ ತನ್ನೆದುರು ನಿಲ್ಲಿಸಿಕೊಳ್ಳಲಾರ. ಬಿಡಿಬಿಡಿಯಾಗಿ ಸಿಕ್ಕ ಕ್ಷಣಗಳನ್ನು ಜೋಡಿಸಿ ಅದನ್ನು ಅಖಂಡವಾಗಿ ನಡೆಸಬೇಕು. ಆ ಜೋಡಣೆ ಕಾಣದಿರುವುದೇ ಅಲ್ಲಿನ ಕೌಶಲ.

ಮುಂದೆ ಓದುತ್ತಾ ಹೋದಂತೆ ಈ ದಾರಿ ಛಾಯಾಚಿತ್ರದಷ್ಟೇ ಹಳೆಯದೆಂದು ತಿಳಿಯಿತು. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಇಬ್ಭಾಗವಾದ ಸಭೆಯನ್ನು ಚಿತ್ರಿಸಹೊರಟ ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬ ಕಲಾವಿದ, ನೂರಾರು ಪಾದ್ರಿಗಳ ಮುಖಗಳನ್ನು ಬರೆದುಕೊಳ್ಳಲಾರದೆ, ರಾಬರ್ಟ್ ಆಡಮ್‌ಸನ್ ಜೊತೆ ಸೇರಿ ಅವರ ಛಾಯಾಚಿತ್ರಗಳನ್ನು ತೆಗೆಸಿಕೊಂಡು, ಅವುಗಳ ನೆರವಿನಿಂದ ಒಂದೇ ಚಿತ್ರವನ್ನು 1866ರಲ್ಲಿ ಮುಗಿಸಿದ. ಬೇಗ ಕೆಲಸ ಮುಗಿಯಲೆಂದು ಹಿಡಿದ ದಾರಿ ಇಪ್ಪತ್ತಮೂರು ವರ್ಷ ತೆಗೆದುಕೊಂಡಿತು. 1858ರಲ್ಲಿ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವ್‌ಗಳನ್ನು ಕೂಡಿಸಿ, ಸಾಯುತ್ತಿರುವ ಹುಡುಗಿಯೊಬ್ಬಳ ದೃಶ್ಯವನ್ನು ಒಂದೇ ಛಾಯಾಚಿತ್ರವೆಂಬಂತೆ ಮುದ್ರಿಸಿದ. ರಾಜಸ್ಥಾನದ ನಾಥದ್ವಾರದಲ್ಲಿ ಶ್ರೀನಾಥಜಿಯ ಪೂಜೆಯ ಚಿತ್ರ ಬರೆಯುತ್ತಿದ್ದವರು ದೇವರನ್ನೂ ಮಂಟಪವನ್ನೂ ಬಣ್ಣದಲ್ಲಿ ಬರೆದು, ಸೇವೆ ಮಾಡಿಸಿದ ಭಕ್ತರ ಮುಖವನ್ನು ಫೋಟೊದಿಂದ ಕತ್ತರಿಸಿ ಅಂಟಿಸಿ, ಸುತ್ತಲೂ ಬಣ್ಣ ತುಂಬಿಸುತ್ತಿದ್ದರು. ಆ ಭಕ್ತರಿಗೆ ಬೇಕಾಗಿದ್ದುದು ತಮ್ಮ ಮುಖವೇ ದೇವರೆದುರು ಇದೆ ಎಂಬ ನಂಬಿಕೆ. ಅದನ್ನು ಕುಂಚಕ್ಕಿಂತ ಫೋಟೊ ಚೆನ್ನಾಗಿ ಕೊಡುತ್ತಿತ್ತು.

ಈ ಹಳೆಯ ಕೆಲಸ ಕಂಪ್ಯೂಟರಿಗೆ ಬಂದದ್ದು ಥಾಮಸ್ ನೋಲ್ ಮತ್ತು ಜಾನ್ ನೋಲ್ ಸೋದರರು ರೂಪಿಸಿದ, ಅಡೋಬಿ ಸಂಸ್ಥೆ 1990ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ತಂದ ಫೋಟೊಶಾಪ್ ತಂತ್ರಾಂಶದಿಂದ. ಆದರೆ ಜೋಡಣೆಯ ಕೆಲಸಕ್ಕೆ ಅದು ನಿಜವಾಗಿ ಒದಗಿದ್ದು 1994ರ ಮೂರನೆಯ ಆವೃತ್ತಿಯಲ್ಲಿ ಲೇಯರ್ ಬಂದ ಮೇಲೆ. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಪದರ. ಒಂದರಲ್ಲಿ ಆಕಾಶ, ಇನ್ನೊಂದರಲ್ಲಿ ಗೋಪುರ, ಮತ್ತೊಂದರಲ್ಲಿ ಜನ ಇದ್ದರೆ ಯಾವುದನ್ನು ಬೇಕಾದರೂ ಉಳಿದವಕ್ಕೆ ತೊಂದರೆಯಾಗದಂತೆ ಸರಿಸಬಹುದು, ಮಸುಕಾಗಿಸಬಹುದು, ಕಿತ್ತೆಸೆಯಬಹುದು. ಅದಕ್ಕೆ ಮೊದಲು ಅಂಟಿಸಿದ ತುಣುಕು ಬಟ್ಟೆಗೆ ಬಿದ್ದ ಬಣ್ಣದಂತೆ ಅಲ್ಲಿಯೇ ಒಣಗಿಬಿಡುತ್ತಿತ್ತು. ಈ ಲೇಖಕ ತೊಂಬತ್ತರ ದಶಕದ ಕೊನೆಯಲ್ಲಿ ಫೋಟೊಶಾಪ್ ಕಲಿತದ್ದು ಬೆಂಗಳೂರಿನ ಒಂದು ಡಿಟಿಪಿ ಅಂಗಡಿಯಲ್ಲಿ, ಮದುವೆಯ ಕರೆಯೋಲೆಗಳ ನಡುವಿನ ಬಿಡುವಿನಲ್ಲಿ. ಐದಾರು ಲೇಯರುಗಳ ಒಂದು ಕಡತವನ್ನು ಸೇವ್ ಮಾಡಲು ಕೊಟ್ಟು ಹೋದರೆ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಕಾಲ ಅದು. ಅದೇ ಹೊತ್ತಿಗೆ ಫ್ಲೆಕ್ಸ್ ಮುದ್ರಣ ಬಂದು ಬಟ್ಟೆಯ ಬ್ಯಾನರುಗಳು ಬೀದಿಯಿಂದ ಮರೆಯಾಗತೊಡಗಿದವು, ಮೈಸೂರಿನ ಶೆಡ್ಡಿನಲ್ಲಿ ಕೆಲಸ ಕಡಿಮೆಯಾಯಿತು, ಒಂದು ದಿನ ಬಾಗಿಲು ಹಾಕಿತು.

ಬೆಂಗಳೂರಿನಲ್ಲಿ 1997ರಲ್ಲಿ ಧ್ರುವ ಇಂಟರಾಕ್ಟಿವ್ ಆರಂಭವಾದಂದಿನಿಂದ ಹೊರದೇಶದ ಗೇಮುಗಳಿಗೆ ಚಿತ್ರ ಮತ್ತು ಮಾದರಿಗಳನ್ನು ತಯಾರಿಸಿ ಕೊಡುವ ಕೆಲಸ ನಗರದಲ್ಲಿ ನೆಲೆಯೂರಿತು. ಈ ಲೇಖಕ ಮುಂದೆ ಸೇರಿದ್ದು ಅಂಥ ಕೆಲಸದ ಇನ್ನೊಂದು ಸ್ಟುಡಿಯೊವನ್ನು. ಅಲ್ಲಿ ಸ್ಕೆಚ್ಚಿಗೆ ಸಿಗುತ್ತಿದ್ದ ಸಮಯ ನಲವತ್ತು ನಿಮಿಷದಿಂದ ಎರಡು ಗಂಟೆ. ಮೊದಲ ವಾರಗಳಲ್ಲಿ ಬಂದ ಒಂದು ಕೆಲಸ, ಅಣೆಕಟ್ಟಿನಲ್ಲಿ ಮುಳುಗಿದ ಪಟ್ಟಣವೊಂದು ನೀರು ಇಳಿದಾಗ ಮೇಲೆದ್ದು ನಿಂತ ದೃಶ್ಯ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಜಲಾಶಯದ ಅಂಚಿನಲ್ಲಿರುವ, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಹೊರಬರುವ ಪಾಳು ಚರ್ಚಿನ ಫೋಟೊಗಳು ಈ ಲೇಖಕನ ಬಳಿ ಇದ್ದವು. ಅವುಗಳಿಂದ ಕಮಾನುಗಳನ್ನು ಕತ್ತರಿಸಿಕೊಂಡು, ಒಣಗಿ ಬಿರುಕುಬಿಟ್ಟ ಕೆರೆಯಂಗಳದ ಇನ್ನೊಂದು ಫೋಟೊವನ್ನು ಮುಂದೆ ಹಾಸಿ, ಬಸ್ಸಿನ ಕಿಟಕಿಯಿಂದ ಸಂಜೆ ತೆಗೆದ ಮೋಡಗಳನ್ನು ಹಿಂದೆ ತೂಗಿಸಿದ್ದಾಯಿತು. ಒಂದೊಂದು ತುಣುಕೂ ನಿಜ, ಒಟ್ಟು ಚಿತ್ರ ಸುಳ್ಳು.

ತಂಡದ ಹಿರಿಯರು ಏನೂ ಹೇಳದೆ ಚಿತ್ರವನ್ನು ಎಡಬಲ ತಿರುಗಿಸಿ, ಬಣ್ಣ ತೆಗೆದು ಕಪ್ಪುಬಿಳುಪಾಗಿಸಿ ತೋರಿಸಿದರು. ಕಣ್ಣು ಒಗ್ಗಿಹೋದ ತಪ್ಪುಗಳು ಕನ್ನಡಿಯಲ್ಲಿ ಹೊಸದಾಗಿ ಕಾಣುತ್ತವೆ, ಬಣ್ಣದ ಮರೆಯಲ್ಲಿ ಅಡಗಿದ ಬೆಳಕಿನ ತಪ್ಪುಗಳು ಬಣ್ಣ ಹೋದಾಗ ಹೊರಬೀಳುತ್ತವೆ ಎಂಬುದು ಈ ಪರೀಕ್ಷೆಯ ಹಿಂದಿನ ತರ್ಕ. ಕಮಾನುಗಳ ನೆರಳು ಬುಡದಲ್ಲೇ ಮುದುಡಿ ಕುಳಿತಿತ್ತು, ಏಕೆಂದರೆ ಅದು ಏಪ್ರಿಲಿನ ನಡುಹಗಲಿನದು; ಮಣ್ಣಿನ ಬಿರುಕುಗಳಿಗೆ ಬೆಳಕು ಎಡದಿಂದ ಬೀಳುತ್ತಿತ್ತು; ಮೋಡದ ಅಂಚು ಬಲದಿಂದ ಕೆಂಪಾಗಿತ್ತು. ಮೇಷ್ಟ್ರು ಎಂದೋ ಎಣಿಸಿ ತೋರಿಸಿದ್ದ ಮೂರು ಸೂರ್ಯರು ಮತ್ತೆ ಒಂದೇ ಚಿತ್ರದಲ್ಲಿ ಸೇರಿದ್ದರು. ಸಾಲದ್ದಕ್ಕೆ ಚರ್ಚಿನ ಫೋಟೊ ತೆಗೆದದ್ದು ದಿಬ್ಬದ ಮೇಲೆ ನಿಂತು, ಕೆರೆಯಂಗಳದ್ದು ಕುಕ್ಕರಗಾಲಿನಲ್ಲಿ ಕುಳಿತು; ಒಂದರ ಕ್ಷಿತಿಜ ಮೇಲೆ, ಇನ್ನೊಂದರದು ಕೆಳಗೆ. ಹೀಗಾಗಿ ಕಟ್ಟಡ ನೆಲದ ಮೇಲೆ ನಿಲ್ಲದೆ ಓರೆಯಾಗಿ ಇಟ್ಟ ತಟ್ಟೆಯಿಂದ ಜಾರುತ್ತಿರುವಂತೆ ಕಾಣುತ್ತಿತ್ತು.

ಅಂದಿನಿಂದ ಕೆಲಸದ ಕ್ರಮ ಬದಲಾಯಿತು. ಫೋಟೊಗಳ ಕಪಾಟನ್ನು ಮುಟ್ಟುವ ಮೊದಲು ಹೆಬ್ಬೆರಳಿನಷ್ಟು ದೊಡ್ಡ ಚೌಕಟ್ಟಿನಲ್ಲಿ ಕಪ್ಪು, ಬೂದು, ಬಿಳಿ ಎಂಬ ಮೂರೇ ಛಾಯೆಗಳಿಂದ ಇಡೀ ದೃಶ್ಯವನ್ನು ಬರೆಯುವುದು. ಥಂಬ್‌ನೇಲ್ ಎನ್ನುವ ಈ ಕಿರುಕರಡಿನಲ್ಲಿ ನಿಲ್ಲದ ಚಿತ್ರವನ್ನು ಯಾವ ಫೋಟೊವೂ ನಿಲ್ಲಿಸಲಾರದು. ಆಮೇಲೆ ಕ್ಷಿತಿಜದ ಗೆರೆಯನ್ನು ಎಳೆದು, ಸೂರ್ಯ ಎಲ್ಲಿದ್ದಾನೆಂಬುದಕ್ಕೆ ಅಂಚಿನಲ್ಲಿ ಒಂದು ಬಾಣದ ಗುರುತು ಹಾಕಿ, ಆ ಗೆರೆಗೂ ಬಾಣಕ್ಕೂ ಹೊಂದುವ ಫೋಟೊಗಳನ್ನಷ್ಟೇ ಹುಡುಕುವುದು. ಹೊಂದದಿದ್ದರೂ ಬೇಕೇಬೇಕಾದ ತುಣುಕಿನಲ್ಲಿ, ಅದರದೇ ನೆರಳಿಲ್ಲದ ಭಾಗವನ್ನು ನಕಲಿಸಿ ನೆರಳಿನ ಮೇಲೆ ಮುಚ್ಚಿ, ಕಪ್ಪುಬಿಳುಪಿನ ಅಂತರವನ್ನು ತಗ್ಗಿಸಿ, ಮೊದಲು ಅದರ ಹೊತ್ತನ್ನು ಅಳಿಸಬೇಕು. ಹೊಸ ಹೊತ್ತನ್ನು ಅದಾದ ಮೇಲೆ ಕೈಯಿಂದ ಬರೆಯಬೇಕು. ದೂರದ ವಸ್ತುಗಳ ಕಪ್ಪು ಗಾಳಿಯಲ್ಲಿನ ಧೂಳು ಮತ್ತು ತೇವದಿಂದಾಗಿ ತಿಳಿಯಾಗುತ್ತಾ, ಆಕಾಶದ ಬಣ್ಣದ ಕಡೆಗೆ ವಾಲುತ್ತಾ ಹೋಗುವುದರಿಂದ, ಹತ್ತಿರದಿಂದ ತೆಗೆದ ಗೋಪುರವನ್ನು ಚಿಕ್ಕದು ಮಾಡಿದ ಮಾತ್ರಕ್ಕೆ ಅದು ದೂರ ಹೋಗುವುದಿಲ್ಲ. ಅದರ ಕಡುಗಪ್ಪನ್ನೂ ತೆಳುವಾಗಿಸಬೇಕು.

ಈ ಎಲ್ಲ ಕೆಲಸಕ್ಕೆ ಹೆಚ್ಚು ಒದಗುವ ಒಂದು ಸಾಧನದ ಲೆಕ್ಕ ಸರಳವಾದದ್ದು. ಕಂಪ್ಯೂಟರಿನ ಚಿತ್ರದಲ್ಲಿ ಕಪ್ಪಿಗೆ 0, ಬಿಳಿಗೆ 255 ಎಂಬ ಬೆಲೆ ಇರುತ್ತದೆ. ಮಲ್ಟಿಪ್ಲೈ ಎಂಬ ಕ್ರಮದಲ್ಲಿ ಮೇಲಿನ ಲೇಯರಿನ ಬೆಲೆಯನ್ನು ಕೆಳಗಿನದಕ್ಕೆ ಗುಣಿಸಿ 255ರಿಂದ ಭಾಗಿಸುತ್ತಾರೆ. ಬಿಳಿ ಏನನ್ನೂ ಬದಲಿಸದೆ ಮಾಯವಾಗುತ್ತದೆ, 128ರ ನಡುಬೂದು ಇನ್ನೊಂದು ನಡುಬೂದಿನ ಮೇಲೆ ಬಿದ್ದರೆ 64ಕ್ಕೆ ಇಳಿಯುತ್ತದೆ. ಸುಣ್ಣದ ಗೋಡೆಯ ಮೇಲೆ ಮಳೆನೀರು ಇಳಿದು ಮೂಡಿದ ಪಾಚಿಯ ಗೆರೆಗಳ ಫೋಟೊವನ್ನು ಈ ಕ್ರಮದಲ್ಲಿ ಹೊಸ ಕೋಟೆಗೋಡೆಯ ಮೇಲೆ ಹಾಸಿದರೆ ಸುಣ್ಣದ ಬಿಳಿ ಕರಗಿಹೋಗಿ ಪಾಚಿ ಮಾತ್ರ ಉಳಿದು, ಅರೆಕ್ಷಣದಲ್ಲಿ ಕೋಟೆಗೆ ನೂರು ಮಳೆಗಾಲ ವಯಸ್ಸಾಗುತ್ತದೆ. ಹೊಸಬರಿಗೆ ಇದು ಮಾಟದಂತೆ ಕಂಡರೂ, ಪಾಚಿ ಹಿಡಿಯುವುದು ನೀರು ಇಳಿಯುವ ಜಾಗದಲ್ಲಿ ಮಾತ್ರವೆಂದು ಗೊತ್ತಿಲ್ಲದವರ ಕೈಯಲ್ಲಿ ಅದೇ ಗೆರೆಗಳು ಸೂರಿನ ಅಡಿಯ ಒಣಗೋಡೆಯನ್ನೂ ತೋಯಿಸಿಬಿಡುತ್ತವೆ.

ಇಂಥ ಮೇಲ್ಮೈಗಳನ್ನು ಟೆಕ್ಸ್ಚರ್ ಎನ್ನುತ್ತಾರೆ. ಅವುಗಳನ್ನು ಕೂಡಿಹಾಕಲು ಒಳ್ಳೆಯ ಕಾಲ ಯಾವುದೆಂದು ಕಂಡುಕೊಳ್ಳಲು ಈ ಲೇಖಕನಿಗೆ ಎರಡು ವರ್ಷ ಬೇಕಾಯಿತು. ಪ್ರವಾಸಿಗಳು ಶಪಿಸುವ ಮೋಡ ಕವಿದ ಜೂನ್, ಜುಲೈ ತಿಂಗಳುಗಳೇ ಅದಕ್ಕೆ ಸರಿಯಾದವು. ಆಗ ಆಕಾಶವೆಲ್ಲ ಒಂದೇ ಬಿಳಿಯ ದೀಪವಾಗಿ, ನೆರಳು ಬೀಳದೆ, ಕಲ್ಲು, ತುಕ್ಕು, ತೊಗಟೆಗಳೆಲ್ಲ ಯಾವ ಹೊತ್ತಿಗೂ ಸೇರದವುಗಳಾಗಿ ಸಿಗುತ್ತವೆ. ರಾಮನಗರದ ಬಂಡೆಗಳು, ಚಿತ್ರದುರ್ಗದ ಕೋಟೆಯ ಕಲ್ಲುಕಟ್ಟಡ, ಕೆ.ಆರ್. ಮಾರುಕಟ್ಟೆಯ ಹಿಂದಿನ ಗುಜರಿ ಅಂಗಡಿಗಳ ತಗಡು, ಡಾಂಬರಿನ ಪೀಪಾಯಿಗಳು, ಲಾರಿಯ ಟಾರ್ಪಾಲು ಹೀಗೆ ಸಾವಿರಾರು ಫೋಟೊಗಳು 'ಕಲ್ಲು', 'ತುಕ್ಕು', 'ಗೋಡೆ', 'ಬಟ್ಟೆ' ಎಂಬ ಫೋಲ್ಡರುಗಳಲ್ಲಿ ತುಂಬಿಕೊಂಡವು. ಯಾವ ಊರಿನ ಕಲ್ಲು, ಯಾರ ಮನೆಯ ಗೋಡೆ ಎಂದು ಎಲ್ಲಿಯೂ ಬರೆದಿಡಲಿಲ್ಲ. ಹಾಗೆ ಬರೆದಿಡುವುದು ಆ ಕೆಲಸಕ್ಕೆ ಬೇಕಾಗಿಯೂ ಇರಲಿಲ್ಲ.

ಬೇಕಾಗಿತ್ತೆಂದು ಮೊದಲು ತಿಳಿಸಿಕೊಟ್ಟದ್ದು ಹಂಪಿ. ಹದಿನಾರನೆಯ ಶತಮಾನದ ವಿಜಯನಗರವನ್ನು ಕುರಿತ ಒಂದು ಲೇಖನಕ್ಕೆ ವಿಠ್ಠಲ ದೇವಾಲಯದ ಅಂಗಳದ ಚಿತ್ರ ಬೇಕಾಗಿತ್ತು. ಕಲ್ಲಿನ ರಥವೆಂದು ಹೆಸರಾದ, ವಾಸ್ತವವಾಗಿ ಗರುಡನ ಗುಡಿಯಾದ ಕಟ್ಟಡದ ಸ್ವಂತ ಫೋಟೊಗಳು ಹತ್ತಾರು ಇದ್ದವು. ಬಿರುಕುಗಳನ್ನು ಮುಚ್ಚಿ, ಮಂಟಪಗಳ ಮುರಿದ ಅಂಚುಗಳನ್ನು ತುಂಬಿಸಿ, ಪ್ರವಾಸಿಗಳನ್ನು ಅಳಿಸಿ ಪೂಜೆಗೆ ಬಂದ ಜನರನ್ನು ನಿಲ್ಲಿಸಿ, ಇಳಿಹೊತ್ತಿನ ಬೆಳಕನ್ನು ಹರಿಸಿದ ಮೇಲೆ ಚಿತ್ರ ಎಲ್ಲ ಪರೀಕ್ಷೆಗಳಲ್ಲಿಯೂ ಗೆದ್ದಿತು. ಒಂದೇ ಹೊತ್ತು, ಒಂದೇ ಕಣ್ಣು. ಅಚ್ಚಿಗೆ ಹೋಗುವ ಮುನ್ನ ಅದನ್ನು ನೋಡಿದ ಇತಿಹಾಸದ ಪ್ರಾಧ್ಯಾಪಕರೊಬ್ಬರು ರಥದ ಶಿಖರ ಎಲ್ಲಿ ಎಂದು ಕೇಳಿದರು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ, ಬೆಳಕು ಹಾಯಲೆಂದು ಮೇಣ ಹೀರಿಸಿದ ಕಾಗದವನ್ನೇ ನೆಗೆಟಿವ್ ಆಗಿ ಬಳಸಿ ಹಂಪಿಯಲ್ಲಿ ತೆಗೆದ ಛಾಯಾಚಿತ್ರಗಳಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ. ಇಂದು ಅದು ಇಲ್ಲ. ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾದ, ಎಲ್ಲರ ಕಣ್ಣಿಗೂ ಒಗ್ಗಿಹೋದ ಆ ಆಕಾರ ವಿಜಯನಗರದವರು ಕಂಡ ಆಕಾರವಲ್ಲ, ಅದರ ಉಳಿಕೆ.

ಚಿತ್ರದಲ್ಲಿ ಬೆಳಕಿನ ಹೊತ್ತನ್ನು ನಿಮಿಷದ ನಿಖರತೆಯಲ್ಲಿ ಹೊಂದಿಸಿದವನಿಗೆ ಕಟ್ಟಡದ ಹೊತ್ತು ಮುನ್ನೂರು ವರ್ಷಕ್ಕೂ ಹೆಚ್ಚು ತಪ್ಪಿತ್ತು. ನೋಡಿ ಬರೆಯುವ ಕಲಾವಿದನಿಗೂ ಇದೇ ತಪ್ಪು ಆಗಬಹುದಿತ್ತು ಎಂಬುದು ನಿಜವಾದರೂ, ಫೋಟೊದಿಂದ ಕಟ್ಟುವವನಿಗೆ ಅಪಾಯ ಹೆಚ್ಚು. ಕೈಯಿಂದ ಬರೆದದ್ದನ್ನು ಕಲ್ಪನೆಯೆಂದು ಒಪ್ಪುವ ಓದುಗ, ಕಲ್ಲಿನ ಕಣಕಣವೂ ಕಾಣುವ ಚಿತ್ರವನ್ನು ಸಾಕ್ಷಿಯೆಂದು ನಂಬಿಬಿಡುತ್ತಾನೆ. ಶಿಖರವನ್ನು ಬರೆಯಲು ಹೊಂದುವ ಫೋಟೊ ಕಪಾಟಿನಲ್ಲಿ ಇರಲಿಲ್ಲವಾದ್ದರಿಂದ, ಗ್ರೀನ್‌ಲಾನ ಚಿತ್ರವನ್ನು ಎದುರಿಗಿಟ್ಟುಕೊಂಡು ಅದನ್ನು ಇಟ್ಟಿಗೆ ಇಟ್ಟಿಗೆಯಾಗಿ ಕೈಯಿಂದಲೇ ಬರೆಯಬೇಕಾಯಿತು. ನಲವತ್ತು ನಿಮಿಷದ ಕಸುಬಿನಲ್ಲಿ ಬೆಳೆದ ಕೈಗೆ ಅದು ನಾಲ್ಕು ದಿನದ ಕೆಲಸ.

ಎರಡನೆಯ ಪಾಠ ಹೆಚ್ಚು ನಾಚಿಕೆಯದು. ಒಂದು ಕಾದಂಬರಿಯ ಮುಖಪುಟಕ್ಕೆ ಮಳೆ ಬರುವ ಮುಂಚಿನ ಬಯಲು ಬೇಕಾಗಿ, ಗಡುವಿನ ಅವಸರದಲ್ಲಿ, ಅಂತರ್ಜಾಲದಲ್ಲಿ ಸಿಕ್ಕ ಒಂದು ಫೋಟೊದಿಂದ ವಾಲಿದ ಮರವನ್ನೂ ಅದರ ಹಿಂದಿನ ಮೋಡವನ್ನೂ ಈ ಲೇಖಕ ಅನುಮತಿಯಿಲ್ಲದೆ ತೆಗೆದುಕೊಂಡ. ಎಡಬಲ ತಿರುಗಿಸಿ, ಕಪ್ಪಾಗಿಸಿ, ಅರ್ಧ ಭಾಗಕ್ಕೆ ಕುಂಚವಾಡಿಸಿದ ಮೇಲೆ ಅದು ಯಾರ ಗುರುತಿಗೂ ಸಿಗದೆಂಬ ಧೈರ್ಯವಿತ್ತು. ಪುಸ್ತಕ ಬಂದ ತಿಂಗಳೊಳಗೆ ಪ್ರಕಾಶಕರಿಗೆ ಒಂದು ಪತ್ರ ಬಂತು. ಮರದ ಮೇಲಿನ ಕೊಂಬೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಹರಿದ ಗಾಳಿಪಟವೊಂದನ್ನು ಅಳಿಸಲು ಕೈ ಮರೆತಿತ್ತು. ಆ ಚಿತ್ರ ತೆಗೆದವರು ತಮ್ಮ ಮರವನ್ನು ಗುರುತಿಸಿದ್ದು ಅದರಿಂದ. ಅವರ ಪತ್ರದಲ್ಲಿ ಸಿಟ್ಟಿನ ಮಾತು ಹೆಚ್ಚಿರಲಿಲ್ಲ, ಆ ಮೋಡಕ್ಕಾಗಿ ಮೂರು ಸಂಜೆ ಅದೇ ಬಯಲಿನಲ್ಲಿ ಕಾದಿದ್ದೆವೆಂದು ಮಾತ್ರ ಬರೆದಿದ್ದರು. ಕ್ಷಮೆ ಕೇಳಿ, ಮುಖಪುಟದ ಸಂಭಾವನೆಯನ್ನು ಅವರಿಗೇ ಒಪ್ಪಿಸಿ, ಮುಂದಿನ ಮುದ್ರಣದಲ್ಲಿ ಅವರ ಹೆಸರು ಹಾಕಿಸಿದ್ದರಿಂದ ವಿಷಯ ಅಲ್ಲಿಗೆ ಮುಗಿಯಿತು.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರವೂ ಕಲಾಕೃತಿಯೇ; ತೆಗೆದವರ ಜೀವಮಾನವಿಡೀ, ಅವರು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ಎಣಿಸಿ ಇನ್ನೂ 60 ವರ್ಷ, ಅದರ ಮೇಲೆ ಹಕ್ಕು ಇರುತ್ತದೆ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಂತ ಶಿಲ್ಪದ ಚಿತ್ರ ಬರೆಯಲು ಅಥವಾ ಫೋಟೊ ತೆಗೆಯಲು ಕಾಯ್ದೆ ಅವಕಾಶ ಕೊಡುತ್ತದಾದರೂ, ಅದೇ ಶಿಲ್ಪವನ್ನು ಇನ್ನೊಬ್ಬರು ತೆಗೆದ ಫೋಟೊ ಆ ಇನ್ನೊಬ್ಬರ ಸ್ವತ್ತು. ಕಲ್ಲಿನ ರಥ ಎಲ್ಲರದು, ಅದರ ಮೇಲೆ ಒಂದು ಬೆಳಗ್ಗೆ ಬಿದ್ದ ಬೆಳಕನ್ನು ಕಾದು ಹಿಡಿದ ಚಿತ್ರ ಎಲ್ಲರದಲ್ಲ. ಹಾಡುಗಾರ ಪ್ರಿನ್ಸ್‌ನ 1981ರ ಫೋಟೊವೊಂದನ್ನು ಆಧರಿಸಿ ಆಂಡಿ ವಾರ್ಹಾಲ್ ಮಾಡಿದ ಚಿತ್ರವನ್ನು ಪತ್ರಿಕೆಗೆ ಕೊಟ್ಟ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2023ರಲ್ಲಿ ಫೋಟೊ ತೆಗೆದ ಲಿನ್ ಗೋಲ್ಡ್‌ಸ್ಮಿತ್ ಪರವಾಗಿ ತೀರ್ಪು ಕೊಟ್ಟಿತು. ಆದರೆ ಕಾನೂನನ್ನು ಓದುವ ಮೊದಲೇ ಈ ಲೇಖಕನಿಗೆ ವಿಷಯ ಅರ್ಥವಾದದ್ದು ಆ ಮೂರು ಸಂಜೆಗಳಿಂದ. ಹೊಂದಿಸುವ ಭರದಲ್ಲಿ ಅಳಿಸಿಹಾಕಿದ ಹೊತ್ತು ಇನ್ನೊಬ್ಬರು ನಿಂತು ಕಳೆದ ಹೊತ್ತಾಗಿತ್ತು. ಅಲ್ಲಿಂದ ಮುಂದೆ ಸ್ವಂತ ಫೋಟೊಗಳನ್ನು, ಇಲ್ಲವೇ ಬೆಲೆ ಕೊಟ್ಟೋ ಅನುಮತಿ ಪಡೆದೋ ತಂದವುಗಳನ್ನು ಬಿಟ್ಟು ಬೇರೆ ಯಾವುದೂ ಆ ಫೋಲ್ಡರುಗಳಿಗೆ ಸೇರಲಿಲ್ಲ.

ಈಚೆಗೆ ಹಳೆಯ ಹಾರ್ಡ್ ಡಿಸ್ಕುಗಳನ್ನು ಖಾಲಿ ಮಾಡುವಾಗ 'ಗೋಡೆ' ಎಂಬ ಫೋಲ್ಡರಿನಲ್ಲಿ ಒಂದು ಚಿತ್ರ ಸಿಕ್ಕಿತು. ಬಣ್ಣದ ಕುಂಚಗಳನ್ನು ವರ್ಷಗಟ್ಟಲೆ ಒರೆಸಿ ಒರೆಸಿ, ಕೆಂಪು, ನೀಲಿ, ಹಳದಿಗಳ ದಪ್ಪ ಹಕ್ಕಳೆ ಕಟ್ಟಿದ ಗೋಡೆ ಅದು; ಮೈಸೂರಿನ ಬ್ಯಾನರ್ ಶೆಡ್ಡಿನದು. ಆ ಜಾಗದಲ್ಲಿ ಈಗ ಬೇರೆ ಕಟ್ಟಡವಿದೆ, ಮೇಷ್ಟ್ರೂ ಇಲ್ಲ. ಶೆಡ್ಡಿನದೆಂದು ಉಳಿದಿರುವ ಚಿತ್ರ ಇದೊಂದೇ, ಅದನ್ನು ತೆಗೆದದ್ದು ಬಣ್ಣದ ಹಕ್ಕಳೆ ಯಾವುದಾದರೂ ಹಡಗಿನ ಮೈಗೆ ಒದಗೀತೆಂಬ ಲೆಕ್ಕದಲ್ಲಿ. ಹೀಗಾಗಿ ಮನುಷ್ಯರಾರೂ ಚೌಕಟ್ಟಿನೊಳಗೆ ಬಾರದಂತೆ ಎಚ್ಚರ ವಹಿಸಲಾಗಿತ್ತು. ಕ್ಯಾಮೆರಾದ ಗಡಿಯಾರವನ್ನು ಎಂದೂ ಹೊಂದಿಸದಿದ್ದುದರಿಂದ ಕಡತದಲ್ಲಿ ನಮೂದಾದ ದಿನಾಂಕ ಸುಳ್ಳು. ಶೆಡ್ಡು ಮುಚ್ಚುವ ಮುನ್ನ ಹೋಗಿದ್ದ ಒಂದೆರಡು ಭೇಟಿಗಳಲ್ಲಿ ಇದು ಯಾವುದರದು ಎಂಬುದನ್ನು ನೆನಪು ಹೇಳುತ್ತಿಲ್ಲ.

ಚಿತ್ರ ಮೋಡದ ದಿನದ್ದಲ್ಲದಿರುವುದು ಒಂದು ಪುಣ್ಯ. ಮೇಲೆ ಸೂರು ಎರಡಡಿಯಷ್ಟು ಚಾಚಿಕೊಂಡಿದೆ. ಅದರ ನೆರಳು ಗೋಡೆಯ ಮೇಲೆ ಒಂದೂವರೆ ಅಡಿಗಿಂತ ಕೆಳಗೆ ಇಳಿದಿಲ್ಲ. ಆ ಗೋಡೆ ಪಶ್ಚಿಮಕ್ಕೆ ಮುಖ ಮಾಡಿತ್ತೆಂಬುದು ನೆನಪಿನಲ್ಲಿದೆ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ಅಂಥ ಗೋಡೆ ಪೂರ್ತಿ ನೆರಳಿನಲ್ಲಿರುತ್ತದೆ. ಅವನು ಇಳಿದಂತೆ ನೆರಳು ಮೇಲಕ್ಕೆ ಸರಿಯುತ್ತದೆ. ಇಷ್ಟು ಸರಿದಿರಬೇಕಾದರೆ ಗಂಟೆ ನಾಲ್ಕರ ಆಚೀಚೆ. ಚಿತ್ರದ ಕೆಳ ಅಂಚಿನಲ್ಲಿ, ಅಂದು ಕತ್ತರಿಸಿಹಾಕಲು ಮರೆತುಹೋದ ಒಂದು ಡಬ್ಬದ ಬಾಯಿ ಕಾಣುತ್ತಿದೆ. ಅದರೊಳಗೆ ಸೀಮೆಎಣ್ಣೆಯಲ್ಲಿ ನೆನೆಹಾಕಿದ ನಾಲ್ಕು ಕುಂಚಗಳು. ಶೆಡ್ಡಿನಲ್ಲಿ ದಿನಕ್ಕೊಮ್ಮೆ ಎಲ್ಲರೂ ಕುಂಚ ಕೆಳಗಿಟ್ಟು ಹೊರಗೆ ಹೋಗುತ್ತಿದ್ದುದು ನಾಲ್ಕು ಗಂಟೆಯ ಚಹಾಕ್ಕೆ.